ಭಾನುವಾರ ಪುಸ್ತಕಕ್ಕೆ ರಜೆ, ಹಿತ್ತಲಿಗೆ ಬನ್ನಿ

ಎಲ್ಲರಿಗೂ ನಮಸ್ಕಾರ.

ಬರುವ ಭಾನುವಾರ ನಮ್ಮ ಓದಿನ ಕೂಟ ಗ್ರಂಥಾಲಯದ ಕೊಠಡಿಯಲ್ಲಿ ಸೇರುವುದಿಲ್ಲ. ಬೆಳಿಗ್ಗೆ 9:30ಕ್ಕೆ ಚಿಕ್ಕಮಗಳೂರಿನ ನಮ್ಮ ಮನೆಯ ಹಿತ್ತಲಿಗೆ ಬನ್ನಿ. ಮೊದಲು ಸೊಪ್ಪಿನ ಬಿತ್ತನೆ, ಆಮೇಲೆ ಕಡುಬು. ಪಿಎಚ್‌.ಡಿ. ಬರೆಯುತ್ತಿರುವವರು, ಉತ್ತರಪತ್ರಿಕೆ ತಿದ್ದುತ್ತಿರುವವರು ತಪ್ಪದೆ ಬರಬೇಕು. ಕಳೆದ ಸಲ ನಿಮ್ಮ ಮುಖ ನೋಡಿಯೇ ಈ ಯೋಚನೆ ಬಂದದ್ದು. ನಾನೂ ಅದೇ ಸಾಲಿನವಳು: ಕರಡು ತಿದ್ದುತ್ತಾ ಕುಳಿತು ಈ ತಿಂಗಳಲ್ಲೇ ಎರಡು ಬಾರಿ ಹಾಲು ಉಕ್ಕಿಸಿದ್ದೇನೆ.

ತರಬೇಕಾದದ್ದು: ತಳಕ್ಕೆ ತೂತು ಮಾಡಿದ ಹಳೆಯ ಬಕೆಟ್ ಅಥವಾ ಕುಂಡ. ಮಣ್ಣು, ಕೊಟ್ಟಿಗೆ ಗೊಬ್ಬರ ನಮ್ಮಲ್ಲಿವೆ. ಕೊತ್ತಂಬರಿ ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ತನ್ನಿ. ಇಡಿಯಾಗಿ ಬಿತ್ತಿದರೆ ಮೊಳಕೆ ತಡ. ಮೆಂತ್ಯವನ್ನು ಶನಿವಾರ ರಾತ್ರಿಯೇ ನೆನೆಹಾಕಿ. ಅದು ನಾಲ್ಕೈದು ದಿನದಲ್ಲಿ ತಲೆಯೆತ್ತುತ್ತದೆ, ಮೂರ್ನಾಲ್ಕು ವಾರದಲ್ಲಿ ಕೊಯ್ಲಿಗೆ ಬರುತ್ತದೆ. ಯಾರ ಪ್ರಬಂಧದ ಅಧ್ಯಾಯವೂ ಅಷ್ಟು ಬೇಗ ಮುಗಿದದ್ದನ್ನು ನಾನು ಕಂಡಿಲ್ಲ.

ಕಡುಬಿಗೆ ಅಕ್ಕಿ ತರಿ ಒಡೆಸಿಟ್ಟಿದ್ದೇನೆ. ಒಂದು ಲೋಟ ತರಿಗೆ ಎರಡು ಲೋಟ ನೀರು. ಉಪ್ಪು ಹಾಕಿ ಕುದಿಸಿದ ನೀರಿಗೆ ತರಿ ಸುರಿದು ಗಂಟಾಗದಂತೆ ಕೆದಕಬೇಕು, ಬಿಸಿ ಆರುವ ಮುನ್ನ ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಬೇಕು. ಆ ಹೊತ್ತಿನಲ್ಲಿ ಮೊಬೈಲ್ ಮುಟ್ಟಲು ಸಾಧ್ಯವೇ ಇಲ್ಲ. ನನ್ನ ಸಂಚು ಇರುವುದೇ ಅಲ್ಲಿ. ಚಟ್ನಿಗೆ ಕಾಯಿ ತುರಿಯಲು ಇಬ್ಬರು ಬೇಕು, ಹೆಸರು ಕೊಡಿ.

ಮಳೆ ಬಂದರೆ ಜಗಲಿಯಲ್ಲೇ ಎಲ್ಲ. ಎಷ್ಟು ಜನ ಬರುತ್ತೀರಿ ಎಂದು ಶುಕ್ರವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಿ, ಮಕ್ಕಳನ್ನೂ ಸೇರಿಸಿ. ಬರೀ ಹೆಬ್ಬೆರಳಿನ ಚಿತ್ರ ಹಾಕಬೇಡಿ, ಕಡುಬಿನ ಲೆಕ್ಕ ತಪ್ಪುತ್ತದೆ.