ಎರಡು ದಿನಕ್ಕೊಬ್ಬ ‘ಪ್ರಮಾಣಿತ’ ಸಲಹೆಗಾರ

ಮಾನ್ಯ ಸಂಪಾದಕರೇ,

ಭಾನುವಾರ ಡೊಂಬಿವಲಿ ಪೂರ್ವದಲ್ಲಿ ನಡೆದ ವೃತ್ತಿ ಮಾರ್ಗದರ್ಶನ ಶಿಬಿರಕ್ಕೆ ‘ಪಾಲಕರಿಂದ ಉತ್ತಮ ಸ್ಪಂದನೆ’ ಎಂದು ನಿಮ್ಮ ಪತ್ರಿಕೆ ಬರೆದಿದೆ. ಸ್ಪಂದನೆ ಇದ್ದದ್ದು ಹೌದು. ದುರಸ್ತಿಗೆಂದು ಮುಂಬಯಿಯ ಲೋಕಲ್ ರೈಲುಗಳನ್ನು ತಡೆಹಿಡಿಯುವ ಮೆಗಾಬ್ಲಾಕಿನ ದಿನ ಘಾಟ್ಕೋಪರ್, ಭಾಂಡೂಪಿನಿಂದ ಮಕ್ಕಳನ್ನು ಕಟ್ಟಿಕೊಂಡು ಬಂದು, ಎರಡೇ ಫ್ಯಾನಿನ ಹಾಲಿನಲ್ಲಿ ಮೂರು ತಾಸು ನಿಂತು, 4,500 ರೂಪಾಯಿ ತೆತ್ತು ಬಣ್ಣದ ಫೈಲು ಹಿಡಿದವರು ಸ್ಪಂದಿಸದೆ ಇನ್ನೇನು ಮಾಡಿಯಾರು? ಆ ಫೈಲುಗಳೆಲ್ಲ ಸೋಮವಾರದಿಂದ ನಮ್ಮ ಮೇಜಿಗೆ ಬರುತ್ತಿವೆ. ‘ಸ್ವಲ್ಪ ಓದಿ ಹೇಳಿ ಸರ್, ಏನೂ ಅರ್ಥ ಆಗ್ತಿಲ್ಲ’ ಎಂದು. ಶಾಲೆಗಳಲ್ಲಿ ಇದೇ ಕೆಲಸ ಮಾಡುವ ನಮಗೂ ಅರ್ಥವಾಗಲಿಲ್ಲ. ಅದಕ್ಕೇ ಈ ಪತ್ರ.

ಫೈಲಿನ ಮೊದಲ ಹನ್ನೆರಡು ಪುಟ ಬೆರಳಚ್ಚಿನದು. ಹತ್ತೂ ಬೆರಳು ಸ್ಕ್ಯಾನರಿಗೆ ಒತ್ತಿಸಿ, ಮಗುವಿಗೆ ಗಣಿತದ ಬುದ್ಧಿ ಇಷ್ಟು, ಸಂಗೀತದ ಬುದ್ಧಿ ಇಷ್ಟು ಎಂದು ಶೇಕಡಾವಾರು ಬರೆದಿದ್ದಾರೆ. ಬೆವರಿಗೆ ಯಂತ್ರ ಬೆರಳನ್ನು ಹಿಡಿಯುತ್ತಿರಲಿಲ್ಲವಂತೆ. ತಾಯಂದಿರು ಸೆರಗಿನಿಂದ ಒರೆಸಿ ಒರೆಸಿ ಒತ್ತಿಸಿದರಂತೆ. ಬೆರಳಿನ ಗೆರೆಗಳು ಮೂಡಿ ಮುಗಿಯುವುದು ತಾಯಿಯ ಹೊಟ್ಟೆಯಲ್ಲಿ. ಹುಟ್ಟಿದ ಮೇಲೆ ಮಗು ಓದಿದ್ದು, ಆಡಿದ್ದು, ಬಿದ್ದದ್ದು ಯಾವುದೂ ಅದರೊಳಗೆ ಇಳಿಯುವುದಿಲ್ಲ. ಬುದ್ಧಿ ಒಂದೇ ಅಲ್ಲ, ಹಲವು ಬಗೆಯದು ಎಂದು ಅಮೆರಿಕದ ಮನೋವಿಜ್ಞಾನಿ ಹೋವರ್ಡ್ ಗಾರ್ಡ್ನರ್ 1983ರಲ್ಲಿ ಮಂಡಿಸಿದ ಬಹುಬುದ್ಧಿ ಸಿದ್ಧಾಂತವನ್ನು ಇದಕ್ಕೆ ಸಾಕ್ಷಿಗೆ ಕರೆಯುತ್ತಾರೆ, ಆ ಸಿದ್ಧಾಂತಕ್ಕೂ ಬೆರಳಿಗೂ ಸಂಬಂಧವೇ ಇಲ್ಲ. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ಅಷ್ಟಕ್ಕೂ ಕೈ ನೋಡಿ ಭವಿಷ್ಯ ಹೇಳುವವರು ಸ್ಟೇಷನ್ ಸೇತುವೆಯ ಕೆಳಗೇ ಸಿಗುತ್ತಾರೆ, ಸೋವಿಗೆ.

ಹೋಗಲಿ, ಎರಡನೆಯ ಭಾಗದ ಸಾಮರ್ಥ್ಯ ಪರೀಕ್ಷೆಯಾದರೂ ನೆಟ್ಟಗಿತ್ತೇ? ಕೊಟ್ಟ ಪುಸ್ತಿಕೆ ಝೆರಾಕ್ಸಿನ ಝೆರಾಕ್ಸ್. ಆಕೃತಿಗಳ ಪ್ರಶ್ನೆಯಲ್ಲಿ ಚುಕ್ಕಿ ತುಂಬಿದ ಚೌಕವೂ ಗೆರೆ ತುಂಬಿದ ಚೌಕವೂ ಒಂದೇ ಬೂದು ಬಣ್ಣಕ್ಕೆ ತಿರುಗಿವೆ. ಹಾಗಾದಾಗ ಒಂದೇ ಪ್ರಶ್ನೆಗೆ ಎರಡು ಸರಿಯುತ್ತರ, ಜಾಣ ಮಗು ಅಲ್ಲೇ ತಡವರಿಸುತ್ತದೆ, ಅಂಕ ಕಳೆದುಕೊಳ್ಳುತ್ತದೆ. ಇಂಥ ಪರೀಕ್ಷೆಯಲ್ಲಿ ಪ್ರತಿ ಉಪಭಾಗಕ್ಕೂ ನಿಮಿಷ ಎಣಿಸಿ ಸಮಯ ಕೊಡಬೇಕು, ಎಲ್ಲರಿಗೂ ಒಂದೇ ಸೂಚನೆ ಓದಬೇಕು. ಇಲ್ಲಿ ರೈಲು ತಪ್ಪಿ ತಡವಾಗಿ ಬಂದವರಿಗೆ ಐದು ನಿಮಿಷ ಹೆಚ್ಚು ಕೊಟ್ಟರು. ಮೈಕಿನಲ್ಲಿ ಪ್ರಾಯೋಜಕರ ಹೆಸರು ನಡೆದೇ ಇತ್ತು. ಸಮಯ ಬದಲಾದ ಮೇಲೆ ಒಬ್ಬನ ಅಂಕವನ್ನು ಉಳಿದ ಮಕ್ಕಳ ಅಂಕದೊಡನೆ ಹೋಲಿಸಲು ಕೈಪಿಡಿಯಲ್ಲಿರುವ ಮಾನಕ ಕೋಷ್ಟಕಕ್ಕೆ ಅರ್ಥವಿಲ್ಲ. ಏಕೆಂದರೆ ಆ ಕೋಷ್ಟಕ ತಯಾರಾಗಿದ್ದು ಅಷ್ಟೇ ಸಮಯದಲ್ಲಿ ಬರೆದ ಮಕ್ಕಳಿಂದ. ಪ್ರಶ್ನೆಗಳೆಲ್ಲ ಇಂಗ್ಲಿಷಿನಲ್ಲಿ. ಮರಾಠಿ, ಕನ್ನಡ ಮಾಧ್ಯಮದ ಮಗುವಿಗೆ ‘ಭಾಷಿಕ ತರ್ಕ ದುರ್ಬಲ’ ಎಂದು ಬರೆದಿದ್ದಾರೆ. ಅಳೆದದ್ದು ತರ್ಕವನ್ನಲ್ಲ, ಇಂಗ್ಲಿಷನ್ನು.

ಇನ್ನು ಫೈಲಿನಲ್ಲಿ ಅಂಕ ತೋರಿಸುವ ಬಣ್ಣದ ಕಂಬಗಳು. ಸರಾಸರಿ 50, ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಚದುರುವ ಅಳತೆ) 10 ಇರುವ ಅಂಕದಲ್ಲಿ, ಪರೀಕ್ಷೆಯ ವಿಶ್ವಾಸಾರ್ಹತೆ (ಪೂರ್ತಿ ನಂಬುವಂತಿದ್ದರೆ 1) 0.84 ಇದ್ದರೆ, ಮಾಪನದ ದೋಷವೇ 4 ಅಂಕ. ಈ ವಾರ 53 ಬಂದ ಹುಡುಗನಿಗೆ ಮುಂದಿನ ವಾರ 49 ಬಂದರೂ 57 ಬಂದರೂ ಆಶ್ಚರ್ಯವಿಲ್ಲ. ಆದರೆ ಇದನ್ನೇ ಪರ್ಸೆಂಟೈಲಿಗೆ, ಅಂದರೆ ನೂರರಲ್ಲಿ ಎಷ್ಟು ಮಕ್ಕಳಿಗಿಂತ ಮುಂದೆ ಎಂಬ ಲೆಕ್ಕಕ್ಕೆ, ತಿರುಗಿಸಿದರೆ 50 ಅಂಕದವನು 50ರಲ್ಲೇ ಉಳಿಯುತ್ತಾನೆ, 53 ಅಂಕದವನು 62ಕ್ಕೆ ಏರುತ್ತಾನೆ. ಕಂಬಗಳ ನಡುವೆ ಕಣ್ಣಿಗೆ ಹೊಡೆಯುವ ಅಂತರ! ಆ ಅಂತರ ನೋಡಿ ಒಬ್ಬಳಿಗೆ ವಿಜ್ಞಾನ ಬೇಡ ಎಂದು ಹೇಳಿಬಿಟ್ಟಿದ್ದಾರೆ. ಹೇಳಿದವರು ಯಾರು? ಹಿಂದಿನ ಶನಿವಾರ, ಭಾನುವಾರ ಅದೇ ಹಾಲಿನಲ್ಲಿ ತರಬೇತಿ ಮುಗಿಸಿ, ಹೋಲೋಗ್ರಾಂ ಅಂಟಿಸಿದ ‘ಅಂತಾರಾಷ್ಟ್ರೀಯ ಪ್ರಮಾಣಿತ’ ಪತ್ರ ಪಡೆದವರು. ಲ್ಯಾಮಿನೇಷನ್ ಇನ್ನೂ ಬಿಸಿ ಆರಿರಲಿಲ್ಲ.

ಹಾಜರಾತಿಯ ಪ್ರಮಾಣಪತ್ರ ಬೇರೆ, ವೃತ್ತಿಯ ಪ್ರಮಾಣೀಕರಣ ಬೇರೆ. ಮೊದಲನೆಯದು ನೀವು ಕುರ್ಚಿಯಲ್ಲಿ ಕೂತಿದ್ದಿರಿ ಎನ್ನುತ್ತದೆ, ಅಷ್ಟೇ. ಎರಡನೆಯದಕ್ಕೆ ಈ ಕೆಲಸಕ್ಕೆ ಏನೇನು ಬರಬೇಕು ಎಂಬ ಪಟ್ಟಿ ಬೇಕು, ಹಿರಿಯರ ಕಣ್ಗಾವಲಿನಲ್ಲಿ ನಿಜವಾದ ಮಕ್ಕಳೊಡನೆ ಕೆಲಸ ಮಾಡಿರಬೇಕು, ಪರೀಕ್ಷೆ, ನೀತಿಸಂಹಿತೆ, ಅವಧಿ ಮುಗಿದಾಗ ನವೀಕರಣ, ದೂರು ಬಂದರೆ ಹೆಸರು ಹೊಡೆದುಹಾಕುವ ದಾರಿ, ಎಲ್ಲ ಬೇಕು. ಮುಖ್ಯವಾಗಿ ಕಲಿಸಿದವನೇ ಪಾಸು ಮಾಡಕೂಡದು. ವ್ಯಕ್ತಿಗಳ ಪ್ರಮಾಣೀಕರಣಕ್ಕಿರುವ ಐಎಸ್‌ಒ 17024 ಮಾನದಂಡ ತರಬೇತಿಯನ್ನೂ ಪ್ರಮಾಣೀಕರಣವನ್ನೂ ದೂರ ಇಡಲು ಹೇಳುವುದು ಇದಕ್ಕೇ.

ಇದೆಲ್ಲ ನಿನ್ನೆ ಮೊನ್ನೆಯ ಹೊಸ ಯೋಚನೆಯೂ ಅಲ್ಲ. ಬಾಸ್ಟನ್ನಿನಲ್ಲಿ ಫ್ರಾಂಕ್ ಪಾರ್ಸನ್ಸ್ ವೃತ್ತಿ ಮಾರ್ಗದರ್ಶನದ ಕಚೇರಿ ತೆರೆದದ್ದು 1908ರಲ್ಲಿ. ಐದು ವರ್ಷದಲ್ಲಿ ಅಮೆರಿಕದಲ್ಲಿ ಸಲಹೆಗಾರರ ರಾಷ್ಟ್ರೀಯ ಸಂಘವೇ ಹುಟ್ಟಿತು. ಅಲ್ಲಿ ಸಲಹೆಗಾರನ ಕೈಕೆಳಗೆ ಕೆಲಸ ಮಾಡುವ ಸಹಾಯಕನ ತರಬೇತಿಗೇ 120 ತಾಸು ಬೇಕು. ವೃತ್ತಿ ಮಾರ್ಗದರ್ಶನದ ಅಂತಾರಾಷ್ಟ್ರೀಯ ಸಂಘ 2003ರಲ್ಲಿ ಒಪ್ಪಿದ ಸಾಮರ್ಥ್ಯಗಳ ಪಟ್ಟಿಯಲ್ಲಿ ಎಲ್ಲರಿಗೂ ಬೇಕಾದವು 11, ವಿಶೇಷ ಕ್ಷೇತ್ರಗಳು 10. ಪರೀಕ್ಷೆ ಮಾಡಿ ಅಳೆಯುವುದು ಆ ಹತ್ತರಲ್ಲಿ ಒಂದು ಮಾತ್ರ. ಬ್ರಿಟನ್ನಿನ ಸಲಹೆಗಾರರ ನೋಂದಣಿಪಟ್ಟಿಯಲ್ಲಿ ಹೆಸರು ಉಳಿಯಬೇಕಾದರೆ ವರ್ಷಕ್ಕೆ 25 ತಾಸಾದರೂ ಹೊಸದು ಕಲಿತು ತೋರಿಸಬೇಕು. ದೂರದ ಮಾತು ಬೇಡ, ನಮ್ಮದೇ ಎನ್‌ಸಿಇಆರ್‌ಟಿಯ ಡಿಪ್ಲೊಮಾ ಒಂದು ವರ್ಷದ್ದು: ಆರು ತಿಂಗಳು ದೂರಶಿಕ್ಷಣ, ಮೂರು ತಿಂಗಳು ಕೇಂದ್ರದಲ್ಲಿದ್ದು ಅಭ್ಯಾಸ, ಮೂರು ತಿಂಗಳು ತಮ್ಮೂರಿನಲ್ಲಿ ಪ್ರಾಯೋಗಿಕ ಕೆಲಸ. ನಮ್ಮ ಹಾಲಿನಲ್ಲಿ ಚಹಾದ ಬಿಡುವೂ ಸೇರಿ ಎರಡು ದಿನ!

ಎರಡೇ ದಿನದಲ್ಲಿ ಎಲ್ಲ ಓದಿಕೊಂಡ ಈ ಪ್ರಮಾಣಿತರಿಗೆ ಹನ್ನೊಂದನೆಯ ತರಗತಿಯ ಪ್ರವೇಶದ ನಿಯಮ ಮಾತ್ರ ಗೊತ್ತಿರಲಿಲ್ಲ. ‘ಮೊದಲ ಆಯ್ಕೆಗೆ ದೊಡ್ಡ ಕಾಲೇಜು ಬರೆದುಬಿಡಿ, ಅದೃಷ್ಟ ನೋಡೋಣ’ ಎಂದರಂತೆ. ಆನ್‌ಲೈನ್ ಪ್ರವೇಶದಲ್ಲಿ ಹತ್ತು ಆಯ್ಕೆಯವರೆಗೆ ತುಂಬಬಹುದು, ನಿಜ. ಆದರೆ ಒಂದನೆಯದೇ ಸಿಕ್ಕರೆ ಸೇರಲೇಬೇಕು. ಸೇರದಿದ್ದರೆ ಮುಂದಿನ ನಿಯಮಿತ ಸುತ್ತುಗಳ ಬಾಗಿಲು ಮುಚ್ಚುತ್ತದೆ. ದೂರದ ದಕ್ಷಿಣ ಮುಂಬಯಿಯ ಚರ್ಚ್‌ಗೇಟಿನ ಕಾಲೇಜು ಸಿಕ್ಕಿತೆನ್ನಿ, ಡೊಂಬಿವಲಿಯ ಹುಡುಗಿ ದಿನಾ ಬೆಳಿಗ್ಗೆ ಆ ಲೋಕಲ್‌ನಲ್ಲಿ ನೇತಾಡುವುದನ್ನು ಈ ಪ್ರಮಾಣಿತರು ನೋಡಲು ಬರುತ್ತಾರೆಯೇ? ಕನ್ನಡ ಭಾಷಾ ಅಲ್ಪಸಂಖ್ಯಾತ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಕೋಟಾ ಇದೆಯೆಂಬ ಮಾತನ್ನೇ ಯಾರೂ ಎತ್ತಲಿಲ್ಲ, ಅದೂ ಕನ್ನಡಿಗರೇ ತುಂಬಿದ್ದ ಸಭೆಯಲ್ಲಿ! ಶಾಲೆ ಬಿಟ್ಟ ದಾಖಲೆಯಲ್ಲಿ ಮಾತೃಭಾಷೆಯ ಕಾಲಂ ಇರುತ್ತದೆ, ಪಾಲಕರು ಇವತ್ತೇ ತೆಗೆದು ನೋಡಲಿ. ಅಲ್ಲಿ ‘ತುಳು’ ಎಂದಿದ್ದರೆ ಕಾಲೇಜು ಒಪ್ಪುತ್ತದೆಯೇ ಎಂದು ಅರ್ಜಿಗೆ ಮೊದಲೇ ಕೇಳಿಕೊಳ್ಳಲಿ. ಇಷ್ಟು ಹೇಳಲು ಸ್ಕ್ಯಾನರು ಬೇಕಿಲ್ಲ.

ಸರಕಾರದ ಮಾತೆತ್ತದಿರುವುದೇ ಲೇಸು. ಮುಂಬಯಿಯಲ್ಲಿ ಅದರದ್ದೇ ಒಂದು ವೃತ್ತಿ ಮಾರ್ಗದರ್ಶನ ಸಂಸ್ಥೆ ಇತ್ತು. ಇಂದಿನ ಪಾಲಕರಲ್ಲಿ ಎಷ್ಟು ಮಂದಿಗೆ ನೆನಪಿದೆ? 2016ರಲ್ಲಿ ಹತ್ತನೆಯವರಿಗೆಲ್ಲ ‘ಕಲ್ ಚಾಚಣಿ’ ಎಂಬ ಪರೀಕ್ಷೆ ಎಂದರು. ಕಲ್ ಎಂದರೆ ಒಲವು, ಸಾಮರ್ಥ್ಯವಲ್ಲ ಎಂದು ಮನೆಮನೆಗೆ ತಿಳಿಹೇಳುವವರು ಇರಲಿಲ್ಲ. ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ಈಗ ‘ಕೌಶಲ್ಯ ವಿಕಾಸ, ರೋಜಗಾರ ವ ಉದ್ಯೋಜಕತಾ ಮಾರ್ಗದರ್ಶನ ಕೇಂದ್ರ’ ಎಂಬ ಹೆಸರು, ಒಂದೇ ಉಸಿರಿನಲ್ಲಿ ಓದಿದವರಿಗೇ ಒಂದು ನೌಕರಿ ಕೊಡಬಹುದು. ಕ್ಷೌರದಂಗಡಿಗೂ ವಡಾಪಾವ್ ಗಾಡಿಗೂ ಪರವಾನಗಿ ಕೇಳುವ ಅಧಿಕಾರಿಗಳು ‘ಕರಿಯರ್ ಕೌನ್ಸೆಲರ್’ ಫಲಕದ ಕೆಳಗೆ ಕಣ್ಣು ಮುಚ್ಚಿಕೊಂಡು ಹಾದುಹೋಗುತ್ತಾರೆ. ಹಾಲಿನ ಮುಂದೆ ಅಗೆದಿಟ್ಟ ರಸ್ತೆಗೆ ಪೇವರ್ ಬ್ಲಾಕ್ ಹಾಕುವುದಾಗಿ ಗಣಪತಿ ಹಬ್ಬಕ್ಕೆ ಮುಂಚೆ ಮಾತು ಕೊಟ್ಟವರೂ ಇಂಥವರೇ, ಅದಿರಲಿ.

ಸರಕಾರ ಕೂಡಲೇ ಸಲಹೆಗಾರರ ನೋಂದಣಿಪಟ್ಟಿ ಮಾಡಲಿ. ಮಾಡಲಾಗದಿದ್ದರೆ ಇಂಥ ಶಿಬಿರಗಳನ್ನಾದರೂ ನಿಲ್ಲಿಸಲಿ. ಅದೂ ಆಗದಿದ್ದರೆ ನಮ್ಮ ಸಂಘಸಂಸ್ಥೆಗಳವರು ಹಾಲ್ ಬಾಡಿಗೆಗೆ ಕೊಡುವ ಮೊದಲು ಬಂದವರ ಹತ್ತು ಬೆರಳಿನ ಅಚ್ಚು ತೆಗೆದುಕೊಂಡು, ಅವರಲ್ಲಿ ಎಷ್ಟು ಶೇಕಡಾ ನಾಚಿಕೆ ಇದೆ ಎಂದು ನೋಡಿಕೊಳ್ಳಲಿ.

– ಕೆಲವು ಶಾಲಾ ಸಲಹೆಗಾರರು, ಡೊಂಬಿವಲಿ–ಠಾಣೆ