ಸೆರೆಯಿಂದ ಬಂದವರನ್ನು ಏನು ಕೇಳಬೇಕು?

ಈ ವರ್ಷದ ರಾಜ್ಯೋತ್ಸವಕ್ಕೆ, ಯುದ್ಧಕೈದಿಯಾಗಿದ್ದು ಮರಳಿದ ಕೊಡಗಿನ ನಿವೃತ್ತ ಸೈನಿಕರೊಬ್ಬರಿಂದ ಸ್ಫೂರ್ತಿ ಭಾಷಣ ಮಾಡಿಸೋಣ ಎಂಬ ಸಲಹೆ ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಬಂದಿದೆ. ಕೊಡಗಿನವನಾದ ನನಗೆ ಸಂತೋಷವೇ. ಆದರೆ ಸಲಹೆಯ ಜೊತೆಗಿದ್ದ ಚೀಟಿ ಓದಿ ಕಸಿವಿಸಿಯಾಯಿತು. ಯಶಸ್ಸಿನ ಐದು ಸೂತ್ರಗಳು, ನಲವತ್ತು ನಿಮಿಷ, ಕೊನೆಯಲ್ಲಿ ಮಕ್ಕಳಿಗೊಂದು ಸಂದೇಶ. ಸೆರೆ ಕಂಡು ಬಂದವರಿಗೆ ನಾವು ಸಿದ್ಧಪಡಿಸುವ ಪ್ರಶ್ನೆಪತ್ರಿಕೆ ಇದೇಯೇ?

ಕೊಡಗು ಮತ್ತು ಸೆರೆ ಎಂದೊಡನೆ ಎಲ್ಲರ ಬಾಯಿಗೆ ಬರುವ ಪ್ರಸಂಗ ಒಂದೇ. 1965ರ ಯುದ್ಧದಲ್ಲಿ ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ, ಅಂದರೆ ನಂದಾ ಕಾರ್ಯಪ್ಪ, ಪಾಕಿಸ್ತಾನದ ಕೈಗೆ ಸಿಕ್ಕರು. ಅವರ ತಂದೆ ಜನರಲ್ ಕೆ.ಎಂ. ಕಾರ್ಯಪ್ಪ ಆಗ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. ಅವಿಭಜಿತ ಸೇನೆಯಲ್ಲಿ ಅವರ ಕಿರಿಯ ಅಧಿಕಾರಿಯಾಗಿದ್ದ ಅಯೂಬ್ ಖಾನ್ ಪಾಕಿಸ್ತಾನದ ಅಧ್ಯಕ್ಷರಾಗಿದ್ದು, ಮಗನನ್ನು ಬಿಟ್ಟುಕಳುಹಿಸುತ್ತೇನೆ ಎಂದು ಹೇಳಿ ಕಳುಹಿಸಿದರು. ನಿಮ್ಮ ವಶದಲ್ಲಿರುವ ಎಲ್ಲ ಸೈನಿಕರೂ ನನ್ನ ಮಕ್ಕಳೇ, ಬಿಡುವುದಾದರೆ ಎಲ್ಲರನ್ನೂ ಬಿಡಿ ಎಂಬರ್ಥದ ಉತ್ತರ ಮಡಿಕೇರಿಯಿಂದ ಹೋಯಿತು. ಸಭೆಗಳಲ್ಲಿ ಇಷ್ಟಕ್ಕೆ ಚಪ್ಪಾಳೆ ಬೀಳುತ್ತದೆ, ಕಥೆ ನಿಲ್ಲುತ್ತದೆ.

ನನಗೆ ಕಥೆ ಶುರುವಾಗುವುದು ಅಲ್ಲಿಂದ. ತಂದೆ ದೊಡ್ಡ ಮಾತು ಆಡಿದರು, ನಿಜ. ಅದರ ಬೆಲೆಯನ್ನು ದಿನ ದಿನವೂ ತೆತ್ತವರು ಮಗ. ಅವರ ಹಂಟರ್ ಯುದ್ಧವಿಮಾನ ಉರುಳಿದ್ದು ಸೆಪ್ಟೆಂಬರ್ 22ರಂದು, ಮರುದಿನವೇ ಕದನವಿರಾಮ. ಒಂದೇ ಒಂದು ದಿನ! ಧುಮುಕಿದ ರಭಸಕ್ಕೆ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಬಿದ್ದದ್ದು ನಮ್ಮ ನೆಲದಲ್ಲೇ ಎಂದು ಮೊದಲು ಭಾವಿಸಿದ್ದಾಗಿ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಜಿನೀವಾ ಒಪ್ಪಂದದ ಪ್ರಕಾರ ಕೈದಿ ಹೇಳಬೇಕಾದದ್ದು ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಇಷ್ಟೇ. ಆದರೆ ಕಾರ್ಯಪ್ಪ ಎಂಬ ಹೆಸರನ್ನು ಹೇಳಿದ ಮೇಲೆ ಮುಚ್ಚಿಡಲು ಇನ್ನೇನು ಉಳಿಯುತ್ತದೆ? ಅಯೂಬರ ಮಗ ಆಸ್ಪತ್ರೆಗೆ ಬಂದು ಸಿಗರೇಟು ಪೊಟ್ಟಣಗಳನ್ನೂ ಒಂದು ಹಾಸ್ಯ ಕಾದಂಬರಿಯನ್ನೂ ಕೊಟ್ಟು ಹೋದರಂತೆ. ಜೊತೆಯ ಕೈದಿಗಳ ನಡುವೆ ಇಂಥ ಮರ್ಯಾದೆಯೂ ಒಂದು ಭಾರವಾಗಿರಲಿಲ್ಲವೇ ಎಂದು ಅವರನ್ನು ಕೇಳುವ ಆಸೆ ನನಗೆ ಹಳೆಯದು.

ಬಿಡುಗಡೆಯಾದದ್ದು 1966ರ ಜನವರಿ 22ರಂದು, ತಾಷ್ಕೆಂಟ್ ಒಪ್ಪಂದಕ್ಕೆ ಸಹಿ ಬಿದ್ದ ಹನ್ನೆರಡು ದಿನಗಳ ಮೇಲೆ. ನಡುವಿನ ನಾಲ್ಕು ತಿಂಗಳಲ್ಲಿ ಕೊಡಗಿನಲ್ಲಿ ತಲಕಾವೇರಿಯ ತೀರ್ಥೋದ್ಭವ ಆಗಿಹೋಗಿತ್ತು, ಸುಗ್ಗಿಹಬ್ಬ ಪುತ್ತರಿಯ ಕದಿರು ಮನೆಗೆ ಬಂದಿತ್ತು, ಗದ್ದೆಗಳು ಬರಿದಾಗಿದ್ದವು. ಸೇನೆಗೆ ಮಕ್ಕಳನ್ನು ಕಳುಹಿಸಿದ ಐನ್‌ಮನೆಗಳಿಗೆ, ಅಂದರೆ ಕೊಡವ ಕುಲಗಳ ಮೂಲಮನೆಗಳಿಗೆ, ಇದು ಹೊಸದಲ್ಲ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪಕ್ಕೆ ಕೈಮುಗಿದು ಕಾಗದಕ್ಕಾಗಿ ಕಾಯುವ ಕೆಲಸವನ್ನು ಅಲ್ಲಿನ ಹೆಂಗಸರು ಪದಕ, ಪಿಂಚಣಿ ಯಾವುದೂ ಇಲ್ಲದೆ ಮಾಡಿಕೊಂಡು ಬಂದಿದ್ದಾರೆ. ಅವರನ್ನು ಯಾರೂ ಸ್ಫೂರ್ತಿ ಭಾಷಣಕ್ಕೆ ಕರೆಯುವುದಿಲ್ಲ. ನಂದಾ ಕಾರ್ಯಪ್ಪನವರು ಮುಂದೆ ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾದರು. ಆದರೆ ಆ ಏರಿಕೆಗೆ ಸೆರೆವಾಸವೇ ಮೆಟ್ಟಿಲಾಯಿತು ಎಂದು ಭಾಷಣಕಾರರು ಹೇಳತೊಡಗಿದರೆ ನಾನು ಒಪ್ಪುವವನಲ್ಲ. ಸೆರೆ ಯಾರಿಗೂ ತರಬೇತಿ ಶಿಬಿರವಲ್ಲ.

ಮಾತಿನಿಂದ ಮನುಷ್ಯರನ್ನು ಹುರಿದುಂಬಿಸಬಹುದು ಎಂಬ ನಂಬಿಕೆಗೆ ಇನ್ನೊಬ್ಬ ಕೊಡವರ ಅನುಭವ ಉತ್ತರವಾದೀತು. ಕೊರಿಯಾ ಯುದ್ಧ 1953ರಲ್ಲಿ ನಿಂತಾಗ, ತಾಯ್ನಾಡಿಗೆ ಮರಳಲು ಒಲ್ಲೆನೆಂದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗದ ಮೇಲೆ ಬಿತ್ತು. ಅದರ ಅಧ್ಯಕ್ಷರು ಭಾರತೀಯ ಸೇನಾಧಿಕಾರಿ, ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಡೇರೆಗೆ ಕರೆತಂದು, ಅವರವರ ದೇಶದ ಪ್ರತಿನಿಧಿಗಳಿಂದ ಮನವೊಲಿಕೆಯ ಮಾತು ಹೇಳಿಸುವ ವ್ಯವಸ್ಥೆಯಿತ್ತು. ತರಬೇತಾದ ಮಾತುಗಾರರೇ ಬಂದಿದ್ದರು. ಬಹಳಷ್ಟು ಕೈದಿಗಳು ಡೇರೆಗೇ ಬರಲಿಲ್ಲ, ಬಂದವರಲ್ಲಿ ಅನೇಕರು ಕೂಗಾಡಿ ಎದ್ದು ಹೋದರು. ಕಡೆಗೆ ಮನಸ್ಸು ಬದಲಿಸಿದವರು ಕೆಲವು ನೂರು ಮಂದಿ. ಎರಡೂ ಕಡೆ ಬೇಡವೆಂದ ಎಂಬತ್ತಕ್ಕೂ ಹೆಚ್ಚು ಕೈದಿಗಳು ಹಡಗೇರಿ ಭಾರತಕ್ಕೆ ಬಂದರು! ತಿಮ್ಮಯ್ಯನವರು ಹುಟ್ಟಿದ ಮಡಿಕೇರಿಯ ‘ಸನ್ನಿಸೈಡ್’ ಮನೆ ಈಗ ವಸ್ತುಸಂಗ್ರಹಾಲಯ. ಊರಿಗೆ ಹೋದಾಗ ರಾಜಾಸೀಟಿನಲ್ಲಿ ಫೋಟೊ ತೆಗೆಸಿಕೊಂಡು ಹೊರಡುವವರು ದಯವಿಟ್ಟು ಅಲ್ಲಿಗೂ ಕಾಲಿಡಿ.

ಹಾಗಾಗಿ ಸಮಿತಿಗೆ ನನ್ನ ಕೋರಿಕೆ ಇಷ್ಟು. ಅತಿಥಿಯನ್ನು ಖಂಡಿತ ಕರೆಯೋಣ. ವೇದಿಕೆಯ ಹಿಂದೆ ದೊಡ್ಡ ಬ್ಯಾನರ್ ಬೇಡ, ಸೂತ್ರಗಳೂ ಬೇಡ. ಅವರು ಹೇಳಬಯಸಿದ್ದನ್ನು ಹೇಳಲಿ, ಬೇಡವೆನಿಸಿದ್ದನ್ನು ಬಿಡಲಿ. ಉಳಿದ ಸಮಯ ಮಕ್ಕಳ ಪ್ರಶ್ನೆಗಳಿಗಿರಲಿ: ಊಟಕ್ಕೆ ಏನು ಕೊಡುತ್ತಿದ್ದರು, ಕಾವಲುಗಾರರ ಜೊತೆ ಯಾವ ಭಾಷೆಯಲ್ಲಿ ಮಾತು, ದಿನದ ಲೆಕ್ಕ ಇಟ್ಟದ್ದು ಹೇಗೆ, ಮನೆಗೆ ಬಂದ ಮೇಲೆ ನಿದ್ದೆ ಬರುತ್ತಿತ್ತೇ. ದೊಡ್ಡವರು ಈ ಕೊನೆಯ ಪ್ರಶ್ನೆ ಕೇಳಲು ಹಿಂಜರಿಯುತ್ತೇವೆ. ಮಕ್ಕಳಿಗೆ ಆ ಕಷ್ಟವಿಲ್ಲ. ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದು ಈ ತಿಂಗಳೊಳಗೆ ನನಗೆ ಕಳುಹಿಸಿ. ಕಾಗುಣಿತ ತಪ್ಪಿದ್ದರೂ ಚಿಂತೆಯಿಲ್ಲ, ಅಪ್ಪ ಅಮ್ಮ ಬರೆದುಕೊಟ್ಟದ್ದು ಬೇಡ.