ಮಗಳಿಗೊಂದು ಪತ್ರ: ಬ್ಯಾಂಬರ್ಗ್‌ನ ಹುಡುಗಿ ಬ್ಯಾಂಬರ್ಗ್‌ನಲ್ಲೇ ಸೋತದ್ದು

ಅಯೋವಾ,
ಮಾರ್ಚ್ 10, 2024

ಪ್ರೀತಿಯ ಮಗಳೇ,

ಇತ್ತ ನಾನೂ ನಿನ್ನ ಅವ್ವನೂ ಕ್ಷೇಮವಾಗಿದ್ದೇವೆ. ಬುಧವಾರ ರಾತ್ರಿ ನೀನು ಬಾಸ್ಟನ್ನಿನಿಂದ ಫೋನ್ ಮಾಡಿದಾಗ ನಾನು ಹೂಂಗುಟ್ಟಿದ್ದು ಬಿಟ್ಟರೆ ಹೆಚ್ಚೇನೂ ಮಾತನಾಡಲಿಲ್ಲ. ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಟ್ರಂಪ್ ಎದುರು ನಿಂತಿದ್ದ, ದಕ್ಷಿಣ ಕೆರೊಲಿನಾದ ಬ್ಯಾಂಬರ್ಗ್‌ನಲ್ಲಿ ಬೆಳೆದ ಭಾರತೀಯ ಮೂಲದ ಮಾಜಿ ಗವರ್ನರ್ ನಿಕ್ಕಿ ಹೇಲಿ ಅಂದು ಬೆಳಿಗ್ಗೆಯಷ್ಟೇ ಕಣದಿಂದ ಹಿಂದೆ ಸರಿದಿದ್ದರು, ನೀನು ಸಿಟ್ಟಿನಲ್ಲಿದ್ದೆ, ಸಿಟ್ಟಿನಲ್ಲಿರುವವರಿಗೆ ಫೋನಿನಲ್ಲಿ ಎದುರಾಡಿದರೆ ಅದು ಜಗಳವಾಗುತ್ತದೆಯೇ ಹೊರತು ಮಾತುಕತೆಯಾಗುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

"ಈ ಹಳ್ಳಿಯವರಿಗೆ ಹೆಣ್ಣು ಬೇಡ ಅಪ್ಪಾ, ಅದರಲ್ಲೂ ನಮ್ಮ ಬಣ್ಣದ ಹೆಣ್ಣು ಬೇಡವೇ ಬೇಡ" ಎಂದು ನೀನು ಹೇಳಿದ ಮಾತು ಅಂದಿನಿಂದ ನನ್ನ ತಲೆಯಲ್ಲಿ ಕುಳಿತುಬಿಟ್ಟಿದೆ. ಅದು ಪೂರ್ತಿ ಸುಳ್ಳೆಂದು ನಾನು ಹೇಳಲಾರೆ. ಜನವರಿಯಲ್ಲಿ ಟ್ರಂಪ್ ಆಕೆಯ ಹುಟ್ಟುಹೆಸರನ್ನು ಎತ್ತಿಕೊಂಡು, ಅದನ್ನೂ ತಪ್ಪುತಪ್ಪಾಗಿ ಬರೆದು ಗೇಲಿ ಮಾಡಿದಾಗ, ನಲವತ್ತು ವರ್ಷ ತಪ್ಪು ಉಚ್ಚಾರಣೆಯ ಹೆಸರಿಗೆ ಓಗೊಟ್ಟ ನನಗೆ ಅದು ಯಾರಿಗಾಗಿ ಬರೆದದ್ದೆಂದು ತಿಳಿಯದೆ ಹೋಗಲಿಲ್ಲ. ಆದರೆ ನಿನ್ನ ಮಾತು ಪೂರ್ತಿ ನಿಜವೂ ಅಲ್ಲ. ಜನವರಿ 15ರ ರಾತ್ರಿ ಪಕ್ಷದ ಅಭ್ಯರ್ಥಿಯನ್ನು ಆರಿಸಲು ನಡೆದ ನಮ್ಮ ಊರಿನ ಕಾಕಸ್ಸಿನಲ್ಲಿ ನಾನು ಕಂಡದ್ದನ್ನು ನಿನಗೆ ಸರಿಯಾಗಿ ಹೇಳಿಯೇ ಇಲ್ಲ, ನಾಚಿಕೆಯಾಗಿತ್ತು.

ಅಂದು ಚಳಿ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಶಾಲೆಯ ಊಟದ ಕೋಣೆಯಲ್ಲಿ ಏಳು ಗಂಟೆಗೆ ಸಭೆ. ಕಾಕಸ್ ಎಂದರೆ ನಮ್ಮ ಕಡೆಯ ಮತಗಟ್ಟೆಯ ಹಾಗೆ ಹೋಗಿ ಗುಂಡಿ ಒತ್ತಿ ಬರುವುದಲ್ಲ. ಒಂದೇ ಊರಿನ ಜನ ಸಂಜೆ ಒಟ್ಟಿಗೆ ಕುಳಿತು, ಪ್ರತಿ ಅಭ್ಯರ್ಥಿಯ ಪರವಾಗಿ ಯಾರಾದರೊಬ್ಬರು ಎದ್ದು ಆಡುವ ಮಾತನ್ನು ಕೇಳಿ, ಆಮೇಲೆ ಚೀಟಿಯಲ್ಲಿ ಹೆಸರು ಬರೆದು ಹಾಕುವುದು. ನಾನು ಈ ದೇಶದ ಪೌರನಾದಂದಿನಿಂದ ಯಾವ ಪಕ್ಷಕ್ಕೂ ಹೆಸರು ಬರೆಸಿದವನಲ್ಲ. ನೀನು ಹೇಲಿ ಪರವಾಗಿ ನ್ಯೂ ಹ್ಯಾಂಪ್‌ಶೈರಿನ ಹಿಮದಲ್ಲಿ ಬಾಗಿಲು ಬಾಗಿಲು ತಟ್ಟುತ್ತಿದ್ದೀಯೆಂದು, ನಿನಗಾಗಿ, ಬಾಗಿಲಲ್ಲಿಟ್ಟಿದ್ದ ಮೇಜಿನ ಹತ್ತಿರ ನಿಂತು ರಿಪಬ್ಲಿಕನ್ ಎಂದು ನೋಂದಣಿಯ ಅರ್ಜಿ ತುಂಬಿದೆ. ಅಯೋವಾದಲ್ಲಿ ಅದೇ ರಾತ್ರಿ ಅಲ್ಲೇ ನಿಂತು ಪಕ್ಷ ಸೇರಲು ಅವಕಾಶವಿದೆ. ಪಕ್ಕದ ಮನೆಯಾತ, ನಮ್ಮ ಅಂಗಳದ ಹಿಮವನ್ನು ತನ್ನ ಯಂತ್ರದಿಂದ ತಾನೇ ಬಂದು ತೆಗೆದುಕೊಡುವವನು, ನನ್ನ ಹಿಂದೆಯೇ ಸಾಲಿನಲ್ಲಿದ್ದ. ಅರ್ಜಿ ನೋಡಿದ. ಏನೂ ಅನ್ನಲಿಲ್ಲ. ಟೊಪ್ಪಿಗೆಯನ್ನು ತೆಗೆದು ಮತ್ತೆ ಹಾಕಿಕೊಂಡ.

ಅಧ್ಯಕ್ಷತೆ ವಹಿಸಿದ್ದ ಹೆಂಗಸು ಟ್ರಂಪ್ ಪರ ಯಾರು ಎಂದು ಕೇಳಿದರೆ ನಾಲ್ಕು ಕೈ ಎದ್ದವು. ಇನ್ನೊಬ್ಬ ಅಭ್ಯರ್ಥಿ ಡಿಸ್ಯಾಂಟಿಸ್ ಪರ ಒಬ್ಬ ಪಾದ್ರಿ ಎದ್ದು ಚೆನ್ನಾಗಿ ಮಾತನಾಡಿದರು. ಡಿಸ್ಯಾಂಟಿಸ್ ರಾಜ್ಯದ 99 ಕೌಂಟಿಗಳನ್ನೂ ಸುತ್ತಿದ್ದರಲ್ಲವೇ, ಆ ಪಾದ್ರಿ ಅವರ ಕೈಯನ್ನು ಕುಲುಕಿದ್ದರು. ಹೇಲಿ ಪರ ಯಾರು ಎಂದಾಗ ಕೋಣೆಯಲ್ಲಿ ಸದ್ದೇ ಇಲ್ಲ. ಬಿರುಗಾಳಿಯ ದೆಸೆಯಿಂದ ಆ ವಾರದ ಅವರ ಸಭೆಗಳಲ್ಲಿ ಕೆಲವು ಫೋನಿನ ಮೇಲೆ ನಡೆದಿದ್ದವು, ನಮ್ಮೂರಿಗೆ ಅವರ ಕಡೆಯವರು ಯಾರೂ ಬಂದಿರಲಿಲ್ಲ. ಕೊನೆಗೆ ನಾನೇ ಎದ್ದೆ. ಡಿಸೆಂಬರಿನ ಒಂದು ಸಮೀಕ್ಷೆಯಲ್ಲಿ ಆಕೆ ಬೈಡನ್ ಅವರಿಗಿಂತ 17 ಅಂಕ ಮುಂದಿದ್ದಾರೆ, ಆದ್ದರಿಂದ ನವೆಂಬರಿನಲ್ಲಿ ಖಂಡಿತ ಗೆಲ್ಲುವವರು ಇವರೇ ಎಂದೆ. ಟ್ರಂಪ್ ಕಾಲದಲ್ಲಿ ದೇಶದ ಸಾಲ 8 ಲಕ್ಷ ಕೋಟಿ ಡಾಲರಿನಷ್ಟು ಏರಿತು ಎಂದೂ ಹೇಳಿದೆ. ನೀನು ವಾಟ್ಸಾಪಿನಲ್ಲಿ ಕಳಿಸಿದ್ದ ಮಾತುಗಳೇ. ಎಲ್ಲರೂ ಮರ್ಯಾದೆಯಿಂದ ಕೇಳಿದರು, ಚಪ್ಪಾಳೆಯನ್ನೂ ತಟ್ಟಿದರು. ಪಾಪ್‌ಕಾರ್ನ್ ತುಂಬುವ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಚೀಟಿಗಳನ್ನು ಸಂಗ್ರಹಿಸಿ, ನಮ್ಮೆದುರಿಗೇ ಸುರಿದು ಎಣಿಸಿದಾಗ ಹೇಲಿಯ ಚೀಟಿಗಳಿಗೆ ಒಂದು ಕೈಯ ಬೆರಳು ಸಾಕಾದವು.

ಹೊರಗೆ ಬರುವಾಗ ಪಕ್ಕದ ಮನೆಯಾತನನ್ನು, ನನ್ನ ಮಾತು ಹೇಗಿತ್ತಪ್ಪಾ ಎಂದು ಕೇಳಿದೆ. "ಬೇರೆಯವರಿಗೆಲ್ಲ ಆಕೆ ಇಷ್ಟವಾಗುತ್ತಾಳೆ ಅಂತ ಹೇಳಿದೆ. ನಮಗೆ ಯಾಕೆ ಇಷ್ಟವಾಗಬೇಕು ಅಂತ ಹೇಳಲಿಲ್ಲ" ಎಂದ.

ಆ ಒಂದು ಮಾತಿನಲ್ಲಿ ಅವರ ಇಡೀ ಪ್ರಚಾರದ ಕುಂದು ಇದೆಯೆಂದು ಈಗ ನನಗೆ ಅನ್ನಿಸುತ್ತದೆ. ಮಧ್ಯಮಮಾರ್ಗದ ಅಭ್ಯರ್ಥಿ ಪಕ್ಷದೊಳಗಿನ ಮತದಾರನಿಗೆ ಹೇಳುವುದು ಬಹುಮಟ್ಟಿಗೆ ಇಷ್ಟೇ: ಪಟ್ಟಣದ ಹೊರವಲಯದವರು, ಪಕ್ಷವಿಲ್ಲದವರು, ಆಚೆ ಪಕ್ಷದಿಂದ ಬೇಸತ್ತವರು ಇವರೆಲ್ಲ ನನ್ನನ್ನು ಒಪ್ಪುತ್ತಾರೆ, ಆದ್ದರಿಂದ ನೀನೂ ಒಪ್ಪಿಕೋ. ಅಂದರೆ, ಹೆಣ್ಣು ನೋಡಲು ಬಂದವನಿಗೆ, ಈ ಹುಡುಗಿ ನಿನ್ನ ಗೆಳೆಯರಿಗೆಲ್ಲ ಬಹಳ ಹಿಡಿಸಿದ್ದಾಳೆ ಎಂದು ಹೇಳಿದ ಹಾಗೆ. (ಈ ಹೋಲಿಕೆಗೆ ನೀನು ಬೈಯುತ್ತೀ ಎಂದು ಗೊತ್ತು, ನಿನ್ನ ಅವ್ವ ಓದಿ ಈಗಾಗಲೇ ಬೈದಾಗಿದೆ.)

ಆಕೆ ಆಡಿದ ಮಾತುಗಳಿಗೆಲ್ಲ ಎರಡೆರಡು ಬಾಗಿಲುಗಳಿದ್ದವು. ಗರ್ಭಪಾತದ ವಿಷಯ ಬಂದಾಗ, ನಾನು ಅದಕ್ಕೆ ವಿರುದ್ಧ, ಆದರೆ ಬೇರೆ ಅಭಿಪ್ರಾಯವುಳ್ಳವರನ್ನು ದೂಷಿಸುವುದಿಲ್ಲ ಎಂದರು. ನನಗೆ ಅದು ಪ್ರೌಢವಾದ ಮಾತೆನಿಸಿತು. ಇಲ್ಲಿನ ಚರ್ಚಿಗೆ ಹೋಗುವವರಿಗೆ ಮಾತ್ರ, ನಾಳೆ ಕಷ್ಟ ಬಂದರೆ ಈಕೆ ಯಾವ ಬಾಗಿಲಿನಿಂದ ಹೊರಟುಹೋಗುತ್ತಾರೋ ಎಂಬ ಅನುಮಾನವನ್ನೇ ಹುಟ್ಟಿಸಿತು. ಡಿಸೆಂಬರ್ 27ರಂದು ನ್ಯೂ ಹ್ಯಾಂಪ್‌ಶೈರಿನ ಬರ್ಲಿನ್ ಎಂಬ ಊರಿನಲ್ಲಿ, ಅಮೆರಿಕದ ಅಂತರ್ಯುದ್ಧಕ್ಕೆ ಕಾರಣವೇನು ಎಂದು ಒಬ್ಬಾತ ಕೇಳಿದಾಗ ಸರ್ಕಾರದ ಪಾತ್ರ, ಸ್ವಾತಂತ್ರ್ಯ ಎಂದೆಲ್ಲ ಹೇಳಿ ಗುಲಾಮಗಿರಿ ಎಂಬ ಶಬ್ದವನ್ನೇ ಆಕೆ ಬಿಟ್ಟುಬಿಟ್ಟರಲ್ಲ, ಅದನ್ನು ನಾನು ಇನ್ನೂ ಮರೆತಿಲ್ಲ. 2015ರಲ್ಲಿ, ಚಾರ್ಲ್ಸ್‌ಟನ್ನಿನ ಚರ್ಚಿನಲ್ಲಿ ಒಂಬತ್ತು ಜನರ ಕೊಲೆಯಾದ ಮೇಲೆ, ಗವರ್ನರ್ ಆಗಿ ಶಾಸನಸಭೆಯ ಅಂಗಳದಿಂದ, ಆ ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ರಾಜ್ಯಗಳ ಕಾನ್ಫೆಡರೇಟ್ ಬಾವುಟವನ್ನು ಇಳಿಸಿದ ಹೆಣ್ಣುಮಗಳು ಇವರೇ. ಆಗ ಒಂದೇ ಬಾಗಿಲಿನ ಮಾತನಾಡಿದ್ದವರು ಈಗ ಯಾರಿಗೂ ನೋವಾಗದಂತೆ ಉತ್ತರಿಸಲು ಹೋಗಿ, ನಿಮ್ಮ ಕಡೆಯವರಿಂದಲೂ ಬೈಸಿಕೊಂಡರು, ಯಾರನ್ನು ಒಲಿಸಲು ತೂಕ ಮಾಡಿ ಮಾತನಾಡಿದರೋ ಅವರನ್ನೂ ಗಳಿಸಲಿಲ್ಲ.

ಜನವರಿ ಮೊದಲ ವಾರದಲ್ಲಿ ಮತ್ತೊಂದಾಯಿತು. ನ್ಯೂ ಹ್ಯಾಂಪ್‌ಶೈರಿನ ಸಭೆಯೊಂದರಲ್ಲಿ, ಅಯೋವಾ ಆರಂಭಿಸುತ್ತದೆ, ಅದನ್ನು ತಿದ್ದುವವರು ನೀವು ಎಂಬ ಅರ್ಥದ ಮಾತನ್ನು ಆಕೆ ನಗುತ್ತ ಹೇಳಿದರು. ಅಲ್ಲಿ ಅದಕ್ಕೆ ಚಪ್ಪಾಳೆ ಬಿತ್ತು. ಇಲ್ಲಿ ಬಿತ್ತನೆಬೀಜದ ಅಂಗಡಿಯಲ್ಲಿ ಎರಡು ದಿನ ಅದೇ ಸುದ್ದಿ. ನಮ್ಮ ರಾಜ್ಯದಲ್ಲಿ ಮನುಷ್ಯರು 32 ಲಕ್ಷ, ಹಂದಿಗಳು ಎರಡು ಕೋಟಿಗೂ ಹೆಚ್ಚು. ನಾಲ್ಕು ವರ್ಷಕ್ಕೊಮ್ಮೆ ದೇಶ ತಮ್ಮ ಮಾತು ಕೇಳುತ್ತದೆ ಎಂಬ ಒಂದು ಹೆಮ್ಮೆಯಷ್ಟೇ ಈ ಜನಕ್ಕೆ. ಅದನ್ನು ತಮಾಷೆಗೂ ಮುಟ್ಟಬಾರದಿತ್ತು.

ಟ್ರಂಪ್ ಈ ರೈತರಿಗೆ ಏನು ಒಳ್ಳೆಯದು ಮಾಡಿದ್ದಾರೆ ಎಂದು ನೀನು ಕೇಳಿದ್ದೆ. ಚೀನಾದೊಂದಿಗೆ ಸುಂಕದ ಜಗಳ ತೆಗೆದು 2018ರಲ್ಲಿ ಸೋಯಾಬೀನ್ ಬೆಲೆ ಕುಸಿಯುವಂತೆ ಮಾಡಿದವರು ಅವರೇ ಎಂಬುದು ಇಲ್ಲಿ ಯಾರಿಗೂ ತಿಳಿಯದ ಗುಟ್ಟಲ್ಲ. ಆದರೆ ಆ ನಷ್ಟಕ್ಕೆಂದು ಎರಡು ವರ್ಷಗಳ ಬೆಳೆಯ ಮೇಲೆ ದೇಶದ ರೈತರಿಗೆ ಸುಮಾರು 2,300 ಕೋಟಿ ಡಾಲರ್ ಹಂಚಿದವರೂ ಅವರೇ. ಪಕ್ಕದ ಮನೆಯಾತ ಆ ಚೆಕ್ಕಿನ ಮಾತನ್ನು ಹೀಗೆ ಹೇಳುತ್ತಾನೆ: "ಒದ್ದದ್ದು ನಿಜ. ಆದರೆ ನೋಡಲಿಕ್ಕೆ ಬಂದ." ಲೆಕ್ಕಶಾಸ್ತ್ರದಲ್ಲಿ ಇದು ಒಪ್ಪುವಂಥದ್ದಲ್ಲ, ನಾನು ಅವನೊಡನೆ ವಾದಿಸಿಯೂ ಇದ್ದೇನೆ. ಆದರೆ ಹೇಲಿಯವರ ಚೀಲದಲ್ಲಿ ಅವನಿಗಾಗಿ ಏನಿತ್ತು ಎಂದು ಅವನು ತಿರುಗಿ ಕೇಳಿದಾಗ, ಉಕ್ರೇನಿಗೆ ನೆರವು, ಸಾಲದ ಕಡಿತ ಎನ್ನುವುದರ ಆಚೆಗೆ ನನಗೆ ಏನೂ ತೋಚಲಿಲ್ಲ.

ಅಯೋವಾದಲ್ಲಿ ಟ್ರಂಪ್‌ಗೆ ಶೇಕಡಾ 51, ಡಿಸ್ಯಾಂಟಿಸ್‌ಗೆ 21, ಹೇಲಿಗೆ 19. ಮೂರನೆಯ ಸ್ಥಾನದಲ್ಲಿ ನಿಂತು, ಇನ್ನು ಇದು ಇಬ್ಬರ ಸ್ಪರ್ಧೆ ಎಂದು ಆಕೆ ಘೋಷಿಸಿದಾಗ ನಿನ್ನ ಅವ್ವ ನಕ್ಕುಬಿಟ್ಟಳು. ಟ್ರಂಪ್ ಕೈತಪ್ಪಿದ ಒಂದೇ ಒಂದು ಕೌಂಟಿ, ವಿಶ್ವವಿದ್ಯಾಲಯವಿರುವ ಜಾನ್ಸನ್, ಹೇಲಿಗೆ ಸಿಕ್ಕಿತು. ಅದೂ ಒಂದೇ ಮತದಿಂದ. ಎಂಟು ದಿನದ ನಂತರ ನ್ಯೂ ಹ್ಯಾಂಪ್‌ಶೈರಿನಲ್ಲಿ ಆಕೆ ಶೇಕಡಾ 43ರಷ್ಟು ಪಡೆದರಲ್ಲ, ಅದಕ್ಕಾಗಿ ನೀನು ಪಟ್ಟ ಪಾಡು ವ್ಯರ್ಥವೆಂದು ನಾನು ಹೇಳುವುದಿಲ್ಲ. ಆದರೆ ಯಾರ ಮತಗಳು ಅವು? ನೋಂದಾಯಿತ ರಿಪಬ್ಲಿಕನ್ನರಲ್ಲಿ ಮುಕ್ಕಾಲು ಪಾಲು ಟ್ರಂಪ್ ಕಡೆಗೆ ಹೋದರು. ಹೇಲಿಗೆ ಹಾಕಿದವರಲ್ಲಿ ಹೆಚ್ಚಿನವರು ಯಾವ ಪಕ್ಷಕ್ಕೂ ಹೆಸರು ಬರೆಸದವರು, ಅಂದರೆ ಮೇಜಿನ ಮುಂದೆ ನಿಂತು ಅರ್ಜಿ ತುಂಬಿದ ನಿನ್ನ ಅಪ್ಪನಂಥವರು. ನಾವು ಅತಿಥಿಗಳು. ಮದುವೆ ಮನೆಯಲ್ಲಿ ಅತಿಥಿಗಳೆಲ್ಲ ಸೇರಿ ವರನನ್ನು ಬದಲಾಯಿಸಲು ಹೊರಟರೆ ಮನೆಯವರಿಗೆ ಏನನ್ನಿಸಬೇಕು ಹೇಳು. ಆಕೆ ಕೊನೆಗೆ ಗೆದ್ದದ್ದು ವಾಷಿಂಗ್ಟನ್ ನಗರವನ್ನು ಮತ್ತು ವರ್ಮಾಂಟನ್ನು. ರಿಪಬ್ಲಿಕನ್ ಪ್ರೈಮರಿಯೊಂದನ್ನು (ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯನ್ನು) ಗೆದ್ದ ಮೊದಲ ಹೆಂಗಸು ಎಂಬ ಕೀರ್ತಿ ಆಕೆಗೆ ಬಂದದ್ದು, ಎರಡು ಸಾವಿರ ಚಿಲ್ಲರೆ ಜನ ಮತ ಹಾಕಿದ, ಹೊಲವೆಂಬುದೇ ಇಲ್ಲದ ರಾಜಧಾನಿಯಿಂದ. ವರ್ಮಾಂಟ್ ಹಳ್ಳಿಗಳ ರಾಜ್ಯವೇ ಅಲ್ಲವೇ ಎಂದು ನೀನು ಕೇಳುವೆ. ಹೌದು, ಆದರೆ ಅಲ್ಲಿನ ಹಳ್ಳಿಗಳೇ ಬೇರೆ, ಆ ರಾಜ್ಯ ನವೆಂಬರಿನಲ್ಲಿ ಡೆಮಾಕ್ರಟರಿಗೆ ಮತ ಹಾಕುವಂಥದ್ದು.

ನನಗೆ ಬಹಳ ಕಾಡಿದ್ದು ದಕ್ಷಿಣ ಕೆರೊಲಿನಾ. ಫೆಬ್ರವರಿ 24ರಂದು ಅಲ್ಲಿ ಆಕೆಗೆ ಸಿಕ್ಕದ್ದು ಶೇಕಡಾ 39.5. 46 ಕೌಂಟಿಗಳಲ್ಲಿ ಮೂರು ಮಾತ್ರ: ಚಾರ್ಲ್ಸ್‌ಟನ್, ರಾಜಧಾನಿ ಕೊಲಂಬಿಯಾ ಇರುವ ರಿಚ್ಲೆಂಡ್, ನಿವೃತ್ತ ಶ್ರೀಮಂತರು ಬಂದು ನೆಲೆಸಿರುವ ಬೋಫರ್ಟ್. ಹುಟ್ಟಿ ಬೆಳೆದ ಬ್ಯಾಂಬರ್ಗ್ ಕೂಡ ಕೈಬಿಟ್ಟಿತು. ಅಮೃತಸರದ ಕಡೆಯಿಂದ ಬಂದ ತಂದೆ ಹತ್ತಿರದ ಕಾಲೇಜಿನಲ್ಲಿ ಪಾಠ ಹೇಳುತ್ತ, ತಾಯಿ ಬಟ್ಟೆ ಅಂಗಡಿ ನಡೆಸುತ್ತ, ಆ ಪುಟ್ಟ ಊರಿನಲ್ಲಿ ಬದುಕು ಕಟ್ಟಿದವರು. ಈ ಸಲ ಕಣದಲ್ಲಿದ್ದ ಟ್ರಂಪ್ ನ್ಯೂಯಾರ್ಕಿನ ಕಟ್ಟಡಗಳ ನಡುವೆ ಬೆಳೆದವರು. ಹಳ್ಳಿಯಲ್ಲಿ ಬೆಳೆದ ಮಗು ಈಕೆ. ಆದರೂ ಹಳ್ಳಿಯವರ ಮನುಷ್ಯ ಎನಿಸಿಕೊಂಡದ್ದು ಆತ.

ಬಣ್ಣವೇ ಕಾರಣವಾಗಿದ್ದರೆ 2010ರಲ್ಲಿ ಏನಾಯಿತು ಎಂಬುದನ್ನು ನೋಡು. ಆಗಲೂ ಆಕೆಯ ಬಣ್ಣ ಇದೇ, ತಂದೆಯ ತಲೆಯ ಮೇಲಿನ ಪೇಟವೂ ಅದೇ. ಗವರ್ನರ್ ಸ್ಥಾನದ ಪ್ರೈಮರಿಯ ಎರಡನೆಯ ಸುತ್ತಿನಲ್ಲಿ ಇದೇ ಪಕ್ಷದ ಮತದಾರರಲ್ಲಿ ಶೇಕಡಾ 65ರಷ್ಟು ಜನ ಆಕೆಗೆ ಮತ ಹಾಕಿದರು. ಆಗ ಆಕೆ ಮಧ್ಯಮಮಾರ್ಗಿಯಾಗಿರಲಿಲ್ಲ. ತೆರಿಗೆ, ಸರ್ಕಾರದ ಖರ್ಚು ಇಳಿಯಬೇಕೆನ್ನುವ ಟೀ ಪಾರ್ಟಿ ಚಳವಳಿಯ ಬೆಂಬಲವಿತ್ತು, 2008ರಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಸಾರಾ ಪೇಲಿನ್ ಬಂದು ಪಕ್ಕದಲ್ಲಿ ನಿಂತಿದ್ದರು, ಶಾಸಕರು ತಮ್ಮ ಮತವನ್ನು ದಾಖಲೆಯಲ್ಲಿ ಬರೆಸಲೇಬೇಕು ಎಂದು ಸ್ವಂತ ಪಕ್ಷದ ಹಿರಿತಲೆಗಳನ್ನೇ ಎದುರು ಹಾಕಿಕೊಂಡಿದ್ದರು. ಊರವರ ಸಿಟ್ಟನ್ನು ರಾಜಧಾನಿಗೆ ಹೊತ್ತೊಯ್ಯುವವಳು ಎಂದು ಜನ ನಂಬಿದ್ದರು. 2024ರಲ್ಲಿ ಆ ಸಿಟ್ಟನ್ನು ಹೊರುವ ಕೆಲಸ ಬೇರೆಯವರ ಪಾಲಾಗಿತ್ತು, ಆಕೆ ಸಮಾಧಾನ ಹೇಳಲು ಬಂದವರಾಗಿದ್ದರು. ಆಕೆಯ ನಿಲುವುಗಳು ಅಷ್ಟೇನೂ ಬದಲಾಗಿಲ್ಲ ಎಂಬುದೇ ಇದರ ವಿಚಿತ್ರ. ಕೆಳಗಿನ ನೆಲ ಸರಿದು ಆಕೆ ಮಧ್ಯಕ್ಕೆ ಬಂದು ನಿಂತದ್ದು.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಹಾವೇರಿಯ ನಮ್ಮೂರಿಗೆ ಹಿಂದಿನ ಸಲ ಹೋದಾಗ, ಸಂಜೆ ಹನುಮಪ್ಪನ ಗುಡಿಯ ಕಟ್ಟೆಗೆ ಹೋಗಿದ್ದೆ. ಗೋವಿನಜೋಳಕ್ಕೆ ಸೈನಿಕ ಹುಳು ಬಿದ್ದಿದೆ ಎಂಬ ಮಾತು ನಡೆದಿತ್ತು. ಜೀವಮಾನವೆಲ್ಲ ಆ ಬೆಳೆಯ ಮೇಲೆಯೇ ಕೆಲಸ ಮಾಡಿದವನು ನಾನು, ಹೇಳಲು ಬೇಕಾದಷ್ಟಿತ್ತು. ನನ್ನನ್ನು ಕಂಡ ಕೂಡಲೇ ಮಾತು ನಿಂತಿತು. ಜೊತೆಯಲ್ಲಿ ಗೋಲಿ ಆಡಿ ಬೆಳೆದವನೊಬ್ಬ ಹುಡುಗನನ್ನು ಓಡಿಸಿ, ಎದುರು ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತರಿಸಿ, ಟವೆಲಿನಿಂದ ಒರೆಸಿ, "ಕುಂದರ್ರೀ ಸರ" ಎಂದ. ಎಲ್ಲರೂ ಕಟ್ಟೆಯ ಮೇಲೆ, ನಾನೊಬ್ಬ ಕುರ್ಚಿಯ ಮೇಲೆ. ನಾನು ಹುಳುವಿನ ಬಗ್ಗೆ ಹೇಳಿದ್ದನ್ನೆಲ್ಲ ಅವರು ತಲೆದೂಗಿ ಕೇಳಿದರು. ಮರುದಿನ ಅಂಗಡಿಯವನು ಕೊಟ್ಟ ಔಷಧವನ್ನೇ ಹೊಡೆದರು. ಹಗೆತನವಿರಲಿಲ್ಲ ಅದರಲ್ಲಿ. ಕುರ್ಚಿ ಬೇಡ ಎಂದು ನಾನು ಆಗಲೇ ಎದ್ದು ಕಟ್ಟೆಯ ಮೇಲೆ ಕುಳಿತಿದ್ದರೆ ಏನಾಗುತ್ತಿತ್ತೋ ತಿಳಿಯದು, ಮೊಣಕಾಲು ನೋಯುತ್ತಿತ್ತು, ಕುಳಿತುಬಿಟ್ಟೆ.

ಹೇಲಿಯವರಿಗೂ ಬ್ಯಾಂಬರ್ಗಿನವರು ಕುರ್ಚಿ ಹಾಕಿದರು ಎಂದೇ ನನ್ನ ಅನಿಸಿಕೆ.

ನಿನ್ನ ಕೆಲಸದ ಮೇಲೆ ನನಗಿರುವ ಅಭಿಮಾನ ಇದರಿಂದ ಕಡಿಮೆಯಾಗಿಲ್ಲ. ಮುಂದೆಯೂ ಯಾರ ಪರವಾಗಿಯಾದರೂ ನೀನು ಬಾಗಿಲು ತಟ್ಟುವವಳೇ, ಅದು ನಿನ್ನ ಸ್ವಭಾವ. ಅದಕ್ಕೆ ಮೊದಲು ಏಪ್ರಿಲ್ ಕೊನೆಗೆ ನಾಲ್ಕು ದಿನ ರಜೆ ಹಾಕಿ ಇಲ್ಲಿಗೆ ಬಾ. ಆ ಹೊತ್ತಿಗೆ ನೆಲ ಕಾದಿರುತ್ತದೆ, ಪಕ್ಕದ ಮನೆಯಾತ ಬಿತ್ತನೆಗೆ ಇಳಿದಿರುತ್ತಾನೆ. ಅವನ ಟ್ರ್ಯಾಕ್ಟರಿನಲ್ಲಿ ಚಾಲಕನ ಪಕ್ಕ ಒಂದು ಪುಟ್ಟ ಆಸನವಿದೆ, ನೀನು ಚಿಕ್ಕವಳಿದ್ದಾಗ ಅಲ್ಲಿ ಕುಳಿತು ನಿದ್ದೆ ಹೋಗುತ್ತಿದ್ದೆ. ಅವನು ಎರಡು ಸುತ್ತು ಹೊಡೆಯುವವರೆಗೆ ಏನೂ ಮಾತನಾಡುವುದಿಲ್ಲ, ಮೂರನೆಯದಕ್ಕೆ ತಾನಾಗಿಯೇ ಆರಂಭಿಸುತ್ತಾನೆ. ಹೇಲಿಯ ಬಗ್ಗೆ ಕೇಳು. ನಾನು ಕೇಳಿದರೆ ಅವನು ನನ್ನ ಮನಸ್ಸು ನೋಯದಂತೆ ಉತ್ತರಿಸುತ್ತಾನೆ. ನಿನಗೆ ಹಾಗೆ ಮಾಡಲಾರ.

ಬರುವಾಗ ನಿನ್ನ ಅವ್ವನಿಗೆ ಬಾಸ್ಟನ್ನಿನ ಆ ಅಂಗಡಿಯಿಂದ ಬ್ಯಾಡಗಿ ಮೆಣಸಿನಕಾಯಿ ತರಬೇಕಂತೆ. ಒಂದು ಕೆಜಿ.

ಇಂತು ನಿನ್ನ
ಅಪ್ಪ